ಸಾಬೂನಿನ ಮೇಲಿನ ಹೆಸರು: ವಿಲಿಯಂ ಲೀವರ್

ಅಂಗಡಿಯಿಂದ ತಂದ ಸಾಬೂನಿನ ಪೊಟ್ಟಣದ ಹಿಂಬದಿಯಲ್ಲಿರುವ ಸಣ್ಣ ಅಕ್ಷರಗಳನ್ನು ಓದುವವರು ಕಡಿಮೆ. ಓದಿದವರಿಗೆ ಹಿಂದೂಸ್ತಾನ್ ಯೂನಿಲೀವರ್ ಎಂಬ ಹೆಸರು ಮೇಲಿಂದ ಮೇಲೆ ಎದುರಾಗುತ್ತದೆ. ಲಕ್ಸ್, ಲೈಫ್‌ಬಾಯ್, ಪಿಯರ್ಸ್, ರಿನ್, ಸರ್ಫ್ ಎಲ್ಲದರ ಹಿಂದೆಯೂ ಅದೇ ಹೆಸರು. ಅದರ ಕೊನೆಯ ತುಂಡಾದ ಲೀವರ್ ಎಂಬುದು ಯಾವುದೋ ಯಂತ್ರದ ಭಾಗವಲ್ಲ. ಅದು ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯದ ಬೋಲ್ಟನ್ ಪಟ್ಟಣದಲ್ಲಿ ದಿನಸಿ ವ್ಯಾಪಾರ ನಡೆಸುತ್ತಿದ್ದ ಒಂದು ಕುಟುಂಬದ ಮನೆತನದ ಹೆಸರು.

ಆ ಹೆಸರನ್ನು ಜಗತ್ತಿನ ಬಚ್ಚಲುಮನೆಗಳಿಗೆ ತಲುಪಿಸಿದವರು ವಿಲಿಯಂ ಹೆಸ್ಕೆತ್ ಲೀವರ್. ಕಾರ್ಮಿಕರಿಗೆ ತೋಟವಿರುವ ಮನೆ ಕಟ್ಟಿಸಿದ ದಾನಿ ಎಂದು ಅವರನ್ನು ಹೊಗಳಿದವರಿದ್ದಾರೆ. ಆಫ್ರಿಕಾದ ಕಾಡಿನಲ್ಲಿ ಬಲವಂತದ ದುಡಿಮೆಯಿಂದ ಲಾಭ ಪಡೆದ ವ್ಯಾಪಾರಿ ಎಂದು ದೂರಿದವರೂ ಇದ್ದಾರೆ. ಎರಡೂ ಮಾತು ಒಬ್ಬನೇ ವ್ಯಕ್ತಿಗೆ ಅನ್ವಯಿಸುತ್ತದೆ ಎಂಬುದೇ ಈ ಜೀವನದ ವಿಶೇಷ.

ದಿನಸಿ ಅಂಗಡಿಯ ಹುಡುಗ

ವಿಲಿಯಂ ಹುಟ್ಟಿದ್ದು 1851ರ ಸೆಪ್ಟೆಂಬರ್ 19ರಂದು. ತಂದೆ ಜೇಮ್ಸ್ ಲೀವರ್ ಸಗಟು ದಿನಸಿ ವ್ಯಾಪಾರಿ. ಆರು ಹೆಣ್ಣುಮಕ್ಕಳ ನಂತರ ಹುಟ್ಟಿದ ಮೊದಲ ಗಂಡುಮಗು ವಿಲಿಯಂ. ಮೂರು ವರ್ಷಗಳ ಬಳಿಕ ತಮ್ಮ ಜೇಮ್ಸ್ ಡಾರ್ಸಿ ಹುಟ್ಟಿದ. ದೈವಭಕ್ತಿ, ಮಿತವ್ಯಯ, ಮದ್ಯವರ್ಜನೆ ಈ ಮೂರೂ ಆ ಮನೆಯ ಕಟ್ಟುಪಾಡುಗಳಾಗಿದ್ದವು.

ಮಗ ವೈದ್ಯನಾಗಲಿ ಎಂಬ ಆಸೆ ತಾಯಿಗಿತ್ತು. ತಂದೆ ಮಾತ್ರ ಹದಿನಾರನೆಯ ವಯಸ್ಸಿಗೆ ಮಗನನ್ನು ಶಾಲೆ ಬಿಡಿಸಿ ಅಂಗಡಿಗೆ ಕರೆತಂದರು. ಆರಂಭದ ಸಂಬಳ ವಾರಕ್ಕೆ ಒಂದು ಶಿಲ್ಲಿಂಗ್. ಬೆಳಗ್ಗೆ ಅಂಗಡಿ ಗುಡಿಸುವುದು, ಸಕ್ಕರೆಯ ದೊಡ್ಡ ಅಚ್ಚುಗಳನ್ನು ಒಡೆಯುವುದು, ಉದ್ದನೆಯ ಸಾಬೂನು ಪಟ್ಟಿಗಳನ್ನು ಕತ್ತರಿಸಿ ಕಾಗದದಲ್ಲಿ ಸುತ್ತುವುದು ಆ ಹುಡುಗನ ಕೆಲಸ. ಮುಂದೆ ಲೆಕ್ಕಪತ್ರ ಕಲಿತು, ಕುದುರೆಗಾಡಿಯಲ್ಲಿ ಊರೂರು ಸುತ್ತಿ ಚಿಲ್ಲರೆ ಅಂಗಡಿಗಳಿಂದ ಬೇಡಿಕೆ ಪಡೆಯುವ ಕೆಲಸಕ್ಕೆ ಬಡ್ತಿ ದೊರೆಯಿತು. 1872ರಲ್ಲಿ ತಂದೆಯ ವ್ಯಾಪಾರದಲ್ಲಿ ಪಾಲುದಾರಿಕೆ ಸಿಕ್ಕಿತು. 1874ರಲ್ಲಿ, ಬಾಲ್ಯದಿಂದ ಪರಿಚಿತಳಾಗಿದ್ದ ಎಲಿಜಬೆತ್ ಎಲೆನ್ ಹ್ಯೂಮ್ ಎಂಬಾಕೆಯೊಡನೆ ವಿವಾಹವಾಯಿತು.

ಮೂವತ್ತು ದಾಟುವಷ್ಟರಲ್ಲಿ ವ್ಯಾಪಾರ ನೆಮ್ಮದಿಯ ಬದುಕಿಗೆ ಬೇಕಾದಷ್ಟು ಬೆಳೆದಿತ್ತು. ಕೆಲಸದಿಂದ ನಿವೃತ್ತಿ ಪಡೆಯುವ ಯೋಚನೆಯೂ ಲೀವರ್ ಅವರ ಮನಸ್ಸಿನಲ್ಲಿ ಸುಳಿದಿತ್ತು. 1884ರಲ್ಲಿ ಪತ್ನಿಯೊಂದಿಗೆ ಸ್ಕಾಟ್ಲೆಂಡಿನ ಉತ್ತರದ ದ್ವೀಪಗಳತ್ತ ಹಡಗಿನಲ್ಲಿ ವಿಹಾರ ಹೊರಟರು. ಆ ಪಯಣದಲ್ಲಿ ಲೂಯಿಸ್ ಎಂಬ ದ್ವೀಪವನ್ನು ಮೊದಲ ಬಾರಿ ಕಂಡರು. ಹಿಂದಿರುಗಿದಾಗ ನಿವೃತ್ತಿಯ ಯೋಚನೆ ಹೋಗಿ, ಒಂದೇ ಒಂದು ವಸ್ತುವಿನ ಮೇಲೆ ಮನಸ್ಸು ನೆಟ್ಟಿತ್ತು. ಆ ವಸ್ತು ಸಾಬೂನು.

ಸನ್‌ಲೈಟ್ ಎಂಬ ಹೆಸರು

ಆಗಿನ ಇಂಗ್ಲೆಂಡಿನಲ್ಲಿ ಸಾಬೂನಿಗೆ ಕಾಲ ಕೂಡಿಬಂದಿತ್ತು. 1853ರಲ್ಲಿ ಸಾಬೂನಿನ ಮೇಲಿನ ತೆರಿಗೆ ರದ್ದಾಗಿತ್ತು. ಹತ್ತಿ ಗಿರಣಿಗಳ, ಕಲ್ಲಿದ್ದಲ ಹೊಗೆಯ ಪಟ್ಟಣಗಳಲ್ಲಿ ಬಟ್ಟೆ ಬೇಗ ಕೊಳೆಯಾಗುತ್ತಿತ್ತು. ಕಾರ್ಮಿಕ ಕುಟುಂಬಗಳ ಕೈಯಲ್ಲಿ ಅಲ್ಪಸ್ವಲ್ಪ ಹಣವೂ ಓಡಾಡತೊಡಗಿತ್ತು. ಆದರೂ ಸಾಬೂನನ್ನು ಮಾರುತ್ತಿದ್ದ ಕ್ರಮ ಹಳೆಯದೇ. ಅಂಗಡಿಯವನು ಗುರುತಿಲ್ಲದ ಉದ್ದನೆಯ ಪಟ್ಟಿಯಿಂದ ತುಂಡು ಕತ್ತರಿಸಿ, ತೂಗಿ ಕೊಡುತ್ತಿದ್ದ. ಯಾರು ಮಾಡಿದ್ದು, ಅದರೊಳಗೆ ಏನಿದೆ ಎಂಬುದು ಕೊಳ್ಳುವವರಿಗೆ ತಿಳಿಯುತ್ತಿರಲಿಲ್ಲ.

ಪಟ್ಟಿ ಕತ್ತರಿಸಿದ ಕೈಗೆ ಈ ಕೊರತೆ ಚೆನ್ನಾಗಿ ಗೊತ್ತಿತ್ತು. ಲೀವರ್ ಮೊದಲು ತಮ್ಮ ಮನೆತನದ ಹೆಸರನ್ನೇ ಮುಂದಿಟ್ಟು, ಶುದ್ಧ ಜೇನು ಎಂಬ ಅರ್ಥದ ಪದಗಳನ್ನು ಜೋಡಿಸಿ ಸಾಬೂನು ಮಾರಿದರು. ಶುದ್ಧ, ಜೇನು ಮುಂತಾದ ಸಾಮಾನ್ಯ ಪದಗಳ ಮೇಲೆ ಯಾರಿಗೂ ಒಡೆತನ ಸಿಗದು; ಇತರರೂ ಅವನ್ನೇ ಬಳಸಬಹುದಿತ್ತು. 1875ರಲ್ಲಿ ಬಂದ ವ್ಯಾಪಾರ ಚಿಹ್ನೆಗಳ ಕಾಯ್ದೆ ಹೊಸ ದಾರಿ ತೋರಿತ್ತು. ಲಿವರ್‌ಪೂಲ್ ನಗರದ ವ್ಯಾಪಾರ ಚಿಹ್ನೆ ಸಲಹೆಗಾರರೊಬ್ಬರು ಕಾಗದವೊಂದರ ಮೇಲೆ ಕೆಲವು ಹೆಸರುಗಳನ್ನು ಬರೆದುಕೊಟ್ಟರು. ಅವುಗಳಲ್ಲಿ ಸನ್‌ಲೈಟ್ ಎಂಬುದೂ ಒಂದು. ಮೊದಲ ನೋಟಕ್ಕೆ ಲೀವರ್ ಅವರಿಗೆ ಯಾವುದೂ ಹಿಡಿಸಲಿಲ್ಲ. ಕೆಲವು ದಿನಗಳ ನಂತರ ಬಿಸಿಲು ಎಂಬ ಅರ್ಥದ ಆ ಪದದ ಬೆಲೆ ಹೊಳೆಯಿತು. ಇನ್ನಾರಾದರೂ ತಮಗಿಂತ ಮೊದಲೇ ನೋಂದಾಯಿಸಿಬಿಟ್ಟರೆ ಎಂಬ ಆತಂಕದಲ್ಲಿ ಅವಸರವಾಗಿ ಅದನ್ನು ತಮ್ಮದಾಗಿಸಿಕೊಂಡರು.

ಆರಂಭದಲ್ಲಿ ಸನ್‌ಲೈಟ್ ಹೆಸರಿನ ಸಾಬೂನನ್ನು ಬೇರೆಯವರು ತಯಾರಿಸಿ ಕೊಡುತ್ತಿದ್ದರು. ಗುಣಮಟ್ಟ ಒಂದೇ ಸಮನಾಗಿರುತ್ತಿರಲಿಲ್ಲ. ಹೆಸರು ತಮ್ಮದಾದ ಮೇಲೆ ಸಾಬೂನೂ ತಮ್ಮದೇ ಆಗಿರಬೇಕೆಂದು 1885ರಲ್ಲಿ ವಾರಿಂಗ್ಟನ್ ಪಟ್ಟಣದ ಸಣ್ಣ ಕಾರ್ಖಾನೆಯೊಂದನ್ನು ಬಾಡಿಗೆಗೆ ಪಡೆದರು. ತಂದೆ ಹಿಂಜರಿಕೆಯಿಂದಲೇ ಬಂಡವಾಳಕ್ಕೆ ನೆರವಾದರು. ತಮ್ಮ ಜೇಮ್ಸ್ ಡಾರ್ಸಿ ಜೊತೆಗೂಡಿದರು. ಹೀಗೆ ಲೀವರ್ ಬ್ರದರ್ಸ್ ಎಂಬ ಸಂಸ್ಥೆ ಹುಟ್ಟಿತು. ತಮ್ಮ ಅನಾರೋಗ್ಯದಿಂದ ಹತ್ತಾರು ವರ್ಷಗಳಲ್ಲೇ ಹಿಂದೆ ಸರಿದರು, 1910ರಲ್ಲಿ ತೀರಿಕೊಂಡರು. ಸಂಸ್ಥೆಯ ಹೆಸರಿನಲ್ಲಿ ಮಾತ್ರ ಅಣ್ಣತಮ್ಮಂದಿರಿಬ್ಬರೂ ಉಳಿದರು.

ಹೊಸ ಸಾಬೂನಿನ ಗುಟ್ಟು ಇದ್ದದ್ದು ಅದರ ಎಣ್ಣೆಯಲ್ಲಿ. ಪ್ರಾಣಿಗಳ ಕೊಬ್ಬನ್ನೇ ನೆಚ್ಚಿದ್ದ ಹಳೆಯ ಸಾಬೂನಿಗೆ ಬದಲಾಗಿ, ಇದರಲ್ಲಿ ಶೇಕಡಾ 40ಕ್ಕೂ ಹೆಚ್ಚು ಪಾಲು ಕೊಬ್ಬರಿ ಎಣ್ಣೆ ಅಥವಾ ತಾಳೆ ಬೀಜದ ಎಣ್ಣೆಯಿತ್ತು. ಉಳಿದದ್ದು ಹತ್ತಿಬೀಜದ ಎಣ್ಣೆ, ಪ್ರಾಣಿಕೊಬ್ಬು ಮತ್ತು ರಾಳ. ಈ ಮಿಶ್ರಣದಿಂದ ನೊರೆ ಬೇಗ ಏಳುತ್ತಿತ್ತು, ಉಜ್ಜುವ ಶ್ರಮ ತಗ್ಗುತ್ತಿತ್ತು. ಸಾಬೂನನ್ನು ಬಿಲ್ಲೆಗಳಾಗಿ ಅಚ್ಚು ಹಾಕಿ, ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮಾರಲಾಯಿತು. ಸಾಬೂನಿನಲ್ಲಿ ಕಲಬೆರಕೆ ತೋರಿಸಿದವರಿಗೆ ಸಾವಿರ ಪೌಂಡ್ ಕೊಡುವುದಾಗಿ ಸಾರಲಾಯಿತು. ಆರಂಭದಲ್ಲಿ ವಾರಕ್ಕೆ 20 ಟನ್ನಿನಷ್ಟಿದ್ದ ತಯಾರಿಕೆ 1888ರ ಹೊತ್ತಿಗೆ 450 ಟನ್ನಿಗೆ ಏರಿತು.

ತಾಳೆ ಬೀಜವಾಗಲಿ ಕೊಬ್ಬರಿಯಾಗಲಿ ಇಂಗ್ಲೆಂಡಿನಲ್ಲಿ ಬೆಳೆಯುವುದಿಲ್ಲ. ಬೋಲ್ಟನ್ನಿನ ಗೃಹಿಣಿಯ ಬಟ್ಟೆ ಬೆಳ್ಳಗಾಗಬೇಕಾದರೆ ಉಷ್ಣವಲಯದ ಮರವೊಂದನ್ನು ಯಾರಾದರೂ ಹತ್ತಲೇಬೇಕಿತ್ತು. ಲೀವರ್ ಅವರ ಮುಂದಿನ ಬದುಕನ್ನು ಈ ಸಂಗತಿಯೇ ನಿರ್ಧರಿಸಿತು.

ಜೌಗು ನೆಲದಲ್ಲಿ ಎದ್ದ ಊರು

ವಾರಿಂಗ್ಟನ್ ಕಾರ್ಖಾನೆ ಸಾಲದಾಯಿತು. ಮರ್ಸಿ ನದಿಯ ದಡದಲ್ಲಿ, ಲಿವರ್‌ಪೂಲ್ ನಗರದ ಎದುರಿನ ವಿರಲ್ ಪ್ರದೇಶದಲ್ಲಿ ಸಹೋದರರು 56 ಎಕರೆ ಜೌಗು ಭೂಮಿ ಕೊಂಡರು. 1888ರ ಮಾರ್ಚ್ 3ರಂದು ಶ್ರೀಮತಿ ಲೀವರ್ ಅವರ ಕೈಯಿಂದ ಭೂಮಿಯ ಮೊದಲ ಹೆಂಟೆ ಎತ್ತಿಸಲಾಯಿತು. ಕಾರ್ಖಾನೆಯ ಜೊತೆಯಲ್ಲೇ ಕಾರ್ಮಿಕರಿಗಾಗಿ ಒಂದು ಊರೂ ಎದ್ದಿತು. ಅದಕ್ಕೆ ಸಾಬೂನಿನ ಹೆಸರನ್ನೇ ಇಟ್ಟು ಪೋರ್ಟ್ ಸನ್‌ಲೈಟ್ ಎಂದು ಕರೆದರು.

ಅಂದಿನ ಕೈಗಾರಿಕಾ ಪಟ್ಟಣಗಳಲ್ಲಿ ಕಾರ್ಮಿಕರು ಗಾಳಿ ಬೆಳಕಿಲ್ಲದ ಓಣಿಗಳಲ್ಲಿ, ಬೆನ್ನಿಗೆ ಬೆನ್ನು ಅಂಟಿದ ಮನೆಗಳಲ್ಲಿ ಬದುಕುತ್ತಿದ್ದರು. ಪೋರ್ಟ್ ಸನ್‌ಲೈಟ್ ಊರಿನಲ್ಲಿ ಪ್ರತಿ ಮನೆಯ ಮುಂದೆ ಹಸಿರು, ಅಗಲವಾದ ಬೀದಿ, ಹಿಂದೆ ತರಕಾರಿ ಬೆಳೆಯಲು ನೆಲ. ಸುಮಾರು ಮೂವತ್ತು ವಾಸ್ತುಶಿಲ್ಪಿಗಳು ವಿನ್ಯಾಸಗೊಳಿಸಿದ್ದರಿಂದ ಒಂದು ಸಾಲಿನ ಮನೆಗಳಂತೆ ಇನ್ನೊಂದು ಸಾಲಿರಲಿಲ್ಲ. 1914ರ ವೇಳೆಗೆ 800 ಮನೆಗಳು, 3,500ರಷ್ಟು ಜನ. ಶಾಲೆ, ಆಸ್ಪತ್ರೆ, ಗ್ರಂಥಾಲಯ, ಈಜುಕೊಳ, ಚರ್ಚ್ ಎಲ್ಲವೂ ಬಂದವು. 1891ರಲ್ಲಿ ಅಲ್ಲಿನ ಸಭಾಂಗಣವನ್ನು ಉದ್ಘಾಟಿಸಿದವರು ನಾಲ್ಕು ಬಾರಿ ಬ್ರಿಟನ್ನಿನ ಪ್ರಧಾನಿಯಾದ ಗ್ಲ್ಯಾಡ್‌ಸ್ಟನ್.

ಲಾಭವನ್ನು ನಗದಾಗಿ ಹಂಚಿದರೆ ಅದು ಮದ್ಯಕ್ಕೂ ಸಿಹಿತಿಂಡಿಗೂ ಹಬ್ಬದ ಊಟಕ್ಕೂ ಕರಗಿಹೋಗುತ್ತದೆ, ತಮ್ಮ ಬಳಿಯೇ ಬಿಟ್ಟರೆ ಅದರಿಂದ ಒಳ್ಳೆಯ ಮನೆ ಸಿಗುತ್ತದೆ ಎಂಬುದು ಲೀವರ್ ಅವರ ವಾದ. ಮನೆಗಳೇನೋ ನಿಜಕ್ಕೂ ಒಳ್ಳೆಯವಾಗಿದ್ದವು. ಆದರೆ ಆ ವಾದದೊಳಗೆ ಇನ್ನೊಂದು ಮಾತು ಅಡಗಿತ್ತು: ಕಾರ್ಮಿಕನಿಗೆ ಯಾವುದು ಹಿತವೆಂದು ತೀರ್ಮಾನಿಸುವವನು ಕಾರ್ಮಿಕನಲ್ಲ. ಮನೆಯ ಮುಂದಿನ ತೋಟವನ್ನು ಕಂಪನಿಯೇ ನೋಡಿಕೊಳ್ಳುತ್ತಿತ್ತು. ನಿವಾಸಿಗಳಿಗೆ ಬಿಟ್ಟಾಗ ಕೆಲವರು ಅಲ್ಲಿ ಬಟ್ಟೆ ಒಣಹಾಕಿ, ಕೋಳಿ ಸಾಕಿದ್ದರಂತೆ. ಬಟ್ಟೆ ಒಗೆಯುವ ಸಾಬೂನಿನಿಂದ ಎದ್ದ ಊರಿನಲ್ಲಿ ಒಗೆದ ಬಟ್ಟೆ ಬೀದಿಗೆ ಕಾಣುವಂತಿರಲಿಲ್ಲ. ನೌಕರಿ ಹೋದರೆ ಮನೆಯೂ ಹೋಗುತ್ತಿತ್ತು.

ಅವರು ಹಟಮಾರಿಯಾಗಿದ್ದರೂ ಕೆಲವೊಮ್ಮೆ ಮಣಿಯುತ್ತಿದ್ದರು ಎಂಬುದಕ್ಕೂ ಇದೇ ಊರು ಸಾಕ್ಷಿ. ಸ್ವತಃ ಮದ್ಯವಿರೋಧಿಯಾಗಿದ್ದ ಅವರು ಊರಿನ ಬ್ರಿಜ್ ಇನ್ ಎಂಬ ಹೋಟೆಲಿನಲ್ಲಿ ಮದ್ಯಕ್ಕೆ ಅವಕಾಶ ಕೊಟ್ಟಿರಲಿಲ್ಲ. ನಿವಾಸಿಗಳು ಕೇಳಿದಾಗ ಮತದಾನ ನಡೆಸಿದರು. ದೇಶದ ಸಂಸತ್ತಿಗೆ ಮತ ಹಾಕುವ ಹಕ್ಕು ಮಹಿಳೆಯರಿಗೆ ಇನ್ನೂ ಇಲ್ಲದ ಆ ಕಾಲದಲ್ಲಿ ಅವರಿಗೂ ಇಲ್ಲಿ ಮತ ಕೊಟ್ಟರು. ಬಹುಮತ ಮದ್ಯದ ಪರವಾಗಿ ಬಂತು. ಲೀವರ್ ತಮ್ಮ ಮನಸ್ಸಿಗೆ ವಿರುದ್ಧವಾದ ಆ ತೀರ್ಪನ್ನು ಜಾರಿಗೆ ತಂದರು.

ಒಂದು ಔನ್ಸಿನ ಬೆಲೆ

1906 ಲೀವರ್ ಅವರ ಪಾಲಿಗೆ ಏಳುಬೀಳುಗಳ ವರ್ಷ. ಲಿಬರಲ್ ಪಕ್ಷದಿಂದ ವಿರಲ್ ಕ್ಷೇತ್ರವನ್ನು ಗೆದ್ದು ಸಂಸತ್ತಿಗೆ ಹೋದರು. ವೃದ್ಧಾಪ್ಯ ವೇತನಕ್ಕಾಗಿ ಅಲ್ಲಿ ವಾದಿಸಿದರು. ಅದೇ ವರ್ಷ ಎಣ್ಣೆ ಮತ್ತು ಕೊಬ್ಬಿನ ಬೆಲೆ ಏರಿತು. ಮೂರು ಪೆನ್ನಿಗೆ ಮಾರುತ್ತಿದ್ದ ಬಿಲ್ಲೆಯ ಬೆಲೆ ಹೆಚ್ಚಿಸುವ ಬದಲು ಅದರ ತೂಕವನ್ನು 16 ಔನ್ಸಿನಿಂದ 15 ಔನ್ಸಿಗೆ ಇಳಿಸಲಾಯಿತು. ಜಾಹೀರಾತಿನ ಪೈಪೋಟಿಯ ವೆಚ್ಚ ತಗ್ಗಿಸಲು ದೇಶದ ಪ್ರಮುಖ ಸಾಬೂನು ತಯಾರಕರು ಒಂದಾಗುವ ಯೋಜನೆಯನ್ನೂ ಲೀವರ್ ಮುಂದಿಟ್ಟರು.

ಡೈಲಿ ಮೇಲ್ ಪತ್ರಿಕೆ ಇದರ ವಿರುದ್ಧ ಯುದ್ಧವನ್ನೇ ಸಾರಿತು. ಬಡವರ ತೂಕ ಕದಿಯುವ ಕೂಟವೆಂದು ದಿನದಿನವೂ ಬರೆಯಿತು. ಜಾಹೀರಾತು ಕಡಿಮೆಯಾದರೆ ಪತ್ರಿಕೆಗಳ ಆದಾಯಕ್ಕೂ ಹೊಡೆತ ಬೀಳುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ. ಕೊಳ್ಳುವವರು ಸನ್‌ಲೈಟ್ ಸಾಬೂನಿಗೆ ಬೆನ್ನು ತಿರುಗಿಸಿದರು. ಮಾರಾಟ ಅರ್ಧಕ್ಕಿಂತ ಕೆಳಗೆ ಕುಸಿಯಿತು. ನವೆಂಬರಿನಲ್ಲಿ ಒಕ್ಕೂಟದ ಯೋಜನೆ ಮುರಿದುಬಿತ್ತು.

ತಮ್ಮ ಹೆಸರಿಗೆ ಮಸಿ ಬಳಿಯಲಾಗಿದೆ ಎಂದು ಲೀವರ್ ಮಾನನಷ್ಟ ಮೊಕದ್ದಮೆ ಹೂಡಿದರು. 1907ರ ಜುಲೈನಲ್ಲಿ ಲಿವರ್‌ಪೂಲ್ ನ್ಯಾಯಾಲಯದಲ್ಲಿ ವಿಚಾರಣೆ ಆರಂಭವಾಯಿತು. ಲೀವರ್ ಪರವಾಗಿ ಹೆಸರಾಂತ ವಕೀಲ ಎಡ್ವರ್ಡ್ ಕಾರ್ಸನ್ ನಿಂತರು. ಲೀವರ್ ಸ್ವತಃ ಸಾಕ್ಷಿಕಟ್ಟೆ ಏರಿ ಪಾಟೀಸವಾಲಿಗೆ ಉತ್ತರಿಸಿದರು. ತೀರ್ಪಿನವರೆಗೂ ಕಾಯದೆ ಪತ್ರಿಕೆ ರಾಜಿಗೆ ಬಂದು 50,000 ಪೌಂಡ್ ಕೊಟ್ಟಿತು. ಇತರ ಪತ್ರಿಕೆಗಳಿಂದ ಬಂದದ್ದೂ ಸೇರಿ ಒಟ್ಟು ಪರಿಹಾರ 91,000 ಪೌಂಡ್ ಆಯಿತು. ಮಾನನಷ್ಟದ ಪರಿಹಾರವಾಗಿ ಅಂದಿಗೆ ಅದು ಊಹೆಗೂ ಮೀರಿದ ಮೊತ್ತ. ಲೀವರ್ ಆ ಹಣವನ್ನು ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ನೀಡಿದರು. ನಗರ ಯೋಜನೆಯನ್ನು ಕಲಿಸುವ ವಿಭಾಗವೊಂದು ಅಲ್ಲಿ 1909ರಲ್ಲಿ ಆರಂಭವಾಗಲು ಅದು ನೆರವಾಯಿತು.

ಒಕ್ಕೂಟವಾಗಿ ಸಾಧ್ಯವಾಗದ್ದನ್ನು ಅವರು ಮುಂದೆ ಖರೀದಿಯಿಂದ ಸಾಧಿಸಿದರು. ಸಾಬೂನಿನ ಮೇಲೆ ತಮ್ಮ ಮನೆತನದ ಹೆಸರು ಅಚ್ಚೊತ್ತಿಸಿದ್ದ ಹಡ್ಸನ್, ಪಿಯರ್ಸ್, ಕ್ರಾಸ್‌ಫೀಲ್ಡ್, ಗಾಸೇಜ್ ಮೊದಲಾದ ಹಳೆಯ ಸಂಸ್ಥೆಗಳು ಒಂದೊಂದಾಗಿ ಲೀವರ್ ತೆಕ್ಕೆಗೆ ಬಂದವು. 1789ರಲ್ಲಿ ಲಂಡನ್ನಿನಲ್ಲಿ ಆಂಡ್ರ್ಯೂ ಪಿಯರ್ಸ್ ಎಂಬ ಕ್ಷೌರಿಕ ಆರಂಭಿಸಿದ್ದ ಪಿಯರ್ಸ್ ವ್ಯಾಪಾರವೂ ಮೊದಲ ಮಹಾಯುದ್ಧದ ವರ್ಷಗಳಲ್ಲಿ ಲೀವರ್ ಬ್ರದರ್ಸ್ ಪಾಲಾಯಿತು.

ಕಾಡಿನ ನಡುವಿನ ಲೀವರ್‌ವಿಲ್

ಕಾರ್ಖಾನೆಗಳು ಬೆಳೆದಂತೆ ಎಣ್ಣೆಯ ಹಸಿವೂ ಬೆಳೆಯಿತು. ಪಶ್ಚಿಮ ಆಫ್ರಿಕಾದ ಬ್ರಿಟಿಷ್ ವಸಾಹತುಗಳಲ್ಲಿ ದೊಡ್ಡ ಪ್ರಮಾಣದ ಭೂಮಿ ಕೊಡುವಂತೆ ಲೀವರ್ ತಮ್ಮದೇ ಸರ್ಕಾರವನ್ನು ಕೇಳಿದರು. ಸ್ಥಳೀಯರ ಭೂಮಿಯನ್ನು ಕಂಪನಿಗಳಿಗೆ ವಹಿಸಿಕೊಡಲು ಸರ್ಕಾರ ಒಪ್ಪಲಿಲ್ಲ. ಬಾಗಿಲು ತೆರೆದದ್ದು ಬೆಲ್ಜಿಯಂ. ರಾಜ ಎರಡನೆಯ ಲಿಯೋಪೋಲ್ಡ್ ಆಳ್ವಿಕೆಯ ರಬ್ಬರ್ ಕ್ರೌರ್ಯದಿಂದ ಕುಖ್ಯಾತವಾಗಿದ್ದ ಕಾಂಗೋ 1908ರಲ್ಲಿ ಬೆಲ್ಜಿಯಂ ಸರ್ಕಾರದ ವಶಕ್ಕೆ ಬಂದಿತ್ತು. ಕಾರ್ಮಿಕರಿಗೆ ಮನೆ ಕಟ್ಟಿಸಿದ ಇಂಗ್ಲಿಷ್ ಉದ್ಯಮಿಯ ಹೆಸರು ಆ ಕಳಂಕ ತೊಳೆಯಲು ಅದಕ್ಕೂ ಬೇಕಾಗಿತ್ತು.

1911ರ ಏಪ್ರಿಲ್‌ನಲ್ಲಿ ಒಪ್ಪಂದವಾಯಿತು. ಕಾಡುತಾಳೆ ದಟ್ಟವಾಗಿದ್ದ ಐದು ವೃತ್ತಾಕಾರದ ಪ್ರದೇಶಗಳಲ್ಲಿ ಎಣ್ಣೆ ತೆಗೆಯುವ ಹಕ್ಕು ಕಂಪನಿಗೆ ಸಿಕ್ಕಿತು. ಪ್ರತಿಯಾಗಿ ಶಾಲೆ, ಆಸ್ಪತ್ರೆ, ಕನಿಷ್ಠ ಕೂಲಿ ಕೊಡಬೇಕೆಂಬ ಷರತ್ತಿತ್ತು. ಕ್ವಿಲು ನದಿಯ ಬಳಿಯ ಲುಸಾಂಗ ಎಂಬ ಊರು ಲೀವರ್‌ವಿಲ್ ಆಯಿತು. ಕಾಂಗೋ ಎಣ್ಣೆಯಿಂದ ಮಾಡಿದ ಮೊದಲ ಸಾಬೂನನ್ನು 1912ರಲ್ಲಿ ಬೆಲ್ಜಿಯಂನ ರಾಜ ಆಲ್ಬರ್ಟ್ ಅವರಿಗೆ ಅರ್ಪಿಸಲಾಯಿತು.

ಕಾಗದದ ಮೇಲಿನ ಷರತ್ತುಗಳಿಗೂ ಕಾಡಿನ ವಾಸ್ತವಕ್ಕೂ ಬಹಳ ಅಂತರವಿತ್ತು. ತಾಳೆಹಣ್ಣಿನ ಗೊನೆಗಳನ್ನು ಇಳಿಸಲು ಬಳ್ಳಿಯ ಪಟ್ಟಿ ಕಟ್ಟಿಕೊಂಡು ಎತ್ತರದ ಮರ ಹತ್ತಬೇಕಿತ್ತು. ಕೆಳಗೆ ಬಿದ್ದವರು ಸಾಯುವುದು, ಅಂಗವಿಕಲರಾಗುವುದು ಇತ್ತು. ಕೂಲಿ ಅತ್ಯಲ್ಪ. ಇಷ್ಟಪಟ್ಟು ಬರುವವರು ಕಡಿಮೆಯಾದಾಗ ವಸಾಹತು ಆಡಳಿತ ಕಂಪನಿಯ ಬೆಂಬಲಕ್ಕೆ ಬಂದಿತು. ತಲೆಗಂದಾಯವನ್ನು ನಗದಾಗಿ ಕಟ್ಟಬೇಕಿತ್ತು. ನಗದು ಸಿಗುವುದು ಕಂಪನಿಯ ಕೆಲಸದಿಂದ. ಹಳ್ಳಿಯ ಮುಖಂಡರ ಮೇಲೆ ಒತ್ತಡ ತಂದು ಆಳುಗಳನ್ನು ಕಳಿಸುವಂತೆ ಮಾಡಲಾಯಿತು. ಮನೆಮಠ ಬಿಟ್ಟು ದೂರದ ಶಿಬಿರಗಳಿಗೆ ಬಂದವರ ಆಹಾರ, ವಸತಿ, ಆರೋಗ್ಯದ ದುಸ್ಥಿತಿಯನ್ನು 1920ರ ದಶಕದಲ್ಲಿ ವಸಾಹತಿನ ವೈದ್ಯರೇ ವರದಿಗಳಲ್ಲಿ ದಾಖಲಿಸಿದರು. ಬೆಲ್ಜಿಯಂನ ಮಾಜಿ ರಾಜತಾಂತ್ರಿಕ ಜೂಲ್ ಮಾರ್ಶಲ್ 2001ರಲ್ಲಿ ಪ್ರಕಟಿಸಿದ ಗ್ರಂಥ ಈ ದಾಖಲೆಗಳನ್ನು ಹುಡುಕಿ ತೆಗೆದು ಜಗತ್ತಿನ ಮುಂದಿಟ್ಟಿತು.

ಲೀವರ್ ದೂರದಲ್ಲಿ ಕುಳಿತು ಏನೂ ತಿಳಿಯದವರಾಗಿರಲಿಲ್ಲ. 1912-13ರಲ್ಲಿ ಒಮ್ಮೆ, 1924-25ರಲ್ಲಿ ಮತ್ತೊಮ್ಮೆ ಕಾಂಗೋ ಪ್ರವಾಸ ಮಾಡಿದ್ದರು. ಆಸ್ಪತ್ರೆ ಶಾಲೆಗಳನ್ನು ಕಟ್ಟಿಸಿದ್ದೂ ನಿಜ. ಆದರೆ ಆಫ್ರಿಕನ್ನರನ್ನು ದುಡಿಮೆ ಕಲಿಸಬೇಕಾದ ಮಕ್ಕಳೆಂದು ಕಾಣುವ ಆ ಕಾಲದ ದೃಷ್ಟಿ ಅವರದೂ ಆಗಿತ್ತು. ಅನ್ಯರ ಹಿತವನ್ನು ತಾವು ತೀರ್ಮಾನಿಸಬಲ್ಲೆವೆಂಬ ನಂಬಿಕೆ ಪೋರ್ಟ್ ಸನ್‌ಲೈಟ್ ಊರಿನಲ್ಲಿ ಹೂದೋಟವಾಗಿ ಅರಳಿತ್ತು. ಅದೇ ನಂಬಿಕೆಗೆ ವಸಾಹತು ಪೊಲೀಸರ ಬಂದೂಕು ಜೊತೆಯಾದಾಗ ಅದು ಬಲಾತ್ಕಾರವಾಯಿತು. ಲೀವರ್ ತೀರಿಕೊಂಡ ಆರು ವರ್ಷಗಳ ನಂತರ, 1931ರಲ್ಲಿ, ಅದೇ ಕ್ವಿಲು ಪ್ರಾಂತ್ಯದ ಪೆಂಡೆ ಜನ ದಂಗೆ ಎದ್ದರು. ತೆರಿಗೆ, ಬಲವಂತದ ದುಡಿಮೆ, ಕುಸಿದ ಕೂಲಿ ಅದಕ್ಕೆ ಕಾರಣಗಳಾಗಿದ್ದವು. ದಂಗೆಯನ್ನು ಅಡಗಿಸುವಾಗ ಐನೂರಕ್ಕೂ ಹೆಚ್ಚು ಪೆಂಡೆ ಜನ ಹತರಾದರು.

ದ್ವೀಪದ ಜನ ಕೇಳಿದ್ದು ನೆಲ

1913ರ ಜುಲೈ ತಿಂಗಳು ಲೀವರ್ ಅವರಿಗೆ ದುಃಖದ ತಿಂಗಳಾಯಿತು. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಎಡಿತ್ ರಿಗ್ಬಿ ಅವರು ರಿವಿಂಗ್ಟನ್ ಬೆಟ್ಟದ ಮೇಲಿದ್ದ ಲೀವರ್ ಅವರ ಮರದ ಬಂಗಲೆಗೆ ಬೆಂಕಿಯಿಟ್ಟರು. ಅದೇ ತಿಂಗಳು ಪತ್ನಿ ಎಲಿಜಬೆತ್ ತೀರಿಕೊಂಡರು. 1917ರಲ್ಲಿ ಪ್ರಭು ಪದವಿ ಬಂದಾಗ ಲೀವರ್ ತಮ್ಮ ಮನೆತನದ ಹೆಸರಿಗೆ ಪತ್ನಿಯ ತವರಿನ ಹೆಸರನ್ನು ಸೇರಿಸಿ ಲಾರ್ಡ್ ಲೀವರ್‌ಹ್ಯೂಮ್ ಆದರು. ಪತ್ನಿಯ ನೆನಪಿಗಾಗಿ ಪೋರ್ಟ್ ಸನ್‌ಲೈಟ್ ಊರಿನಲ್ಲಿ ಕಟ್ಟಿಸಿದ ಲೇಡಿ ಲೀವರ್ ಕಲಾಶಾಲೆ 1922ರಲ್ಲಿ ತೆರೆಯಿತು.

1918ರಲ್ಲಿ, 34 ವರ್ಷಗಳ ಹಿಂದೆ ವಿಹಾರದಲ್ಲಿ ಕಂಡಿದ್ದ ಲೂಯಿಸ್ ದ್ವೀಪವನ್ನು ಅವರು ಕೊಂಡುಕೊಂಡರು. ಮರುವರ್ಷ ನೆರೆಯ ಹ್ಯಾರಿಸ್ ಪ್ರದೇಶವೂ ಸೇರಿತು. ಮೀನುಗಾರಿಕೆಯನ್ನು ದೊಡ್ಡ ಉದ್ಯಮವಾಗಿಸಿ, ಮೀನನ್ನು ಡಬ್ಬಿಗಳಲ್ಲಿ ತುಂಬಿ, ದೇಶದಾದ್ಯಂತ ಮ್ಯಾಕ್ ಫಿಶರೀಸ್ ಎಂಬ ಅಂಗಡಿಗಳಲ್ಲಿ ಮಾರುವ ಬೃಹತ್ ಯೋಜನೆ ಸಿದ್ಧವಾಯಿತು. ಹ್ಯಾರಿಸ್ ಪ್ರದೇಶದ ಓಬ್ ಎಂಬ ಹಳ್ಳಿ ಲೀವರ್‌ಬರ್ಗ್ ಆಯಿತು.

ದ್ವೀಪದ ಮನಸ್ಸು ಬೇರೆಯಾಗಿತ್ತು. ಯುದ್ಧಕ್ಕೆ ಹೋದ ಯುವಕರಿಗೆ ಮರಳಿದಾಗ ಉಳುಮೆಯ ನೆಲ ಕೊಡುವ ಭರವಸೆಯನ್ನು ಸರ್ಕಾರ ನೀಡಿತ್ತು. 1919ರ ಹೊಸ ವರ್ಷದ ಮೊದಲ ದಿನವೇ, ಯುದ್ಧ ಮುಗಿಸಿ ಮನೆಗೆ ಮರಳುತ್ತಿದ್ದವರನ್ನು ಹೊತ್ತ ಐಯೊಲೇರ್ ಹಡಗು ತವರಿನ ಬಂದರಿನ ಹತ್ತಿರ ಬಂಡೆಗೆ ಅಪ್ಪಳಿಸಿ 201 ಜನ ಜಲಸಮಾಧಿಯಾದರು. ಉಳಿದು ಬಂದವರಿಗೆ ಬೇಕಿದ್ದದ್ದು ತಮ್ಮದೆಂದು ಹೇಳಿಕೊಳ್ಳಬಹುದಾದ ತುಂಡು ಭೂಮಿ. ಕಾರ್ಖಾನೆಯ ಸಿಳ್ಳೆಗೆ ಓಡುವ ಕೂಲಿಯಲ್ಲ. ಕೆಲವರು ದೊಡ್ಡ ತೋಟಗಳಿಗೆ ನುಗ್ಗಿ ಬೇಲಿ ಕಿತ್ತು ನೆಲ ಹಂಚಿಕೊಂಡರು. ಲೀವರ್ ಅವರ ನಡುವೆ ನಿಂತು ತಮ್ಮ ಕನಸನ್ನು ವಿವರಿಸಿದರು. ಜನ ಸೌಜನ್ಯದಿಂದ ಕೇಳಿದರು, ಒಪ್ಪಲಿಲ್ಲ.

ನೆಲ ಒಡೆದು ಹಂಚಿದರೆ ಯೋಜನೆ ಉಳಿಯದು ಎಂಬುದು ಅವರ ಪಟ್ಟು. ಕೊನೆಗೆ 1923ರಲ್ಲಿ ಲೂಯಿಸ್ ದ್ವೀಪವನ್ನು ಅಲ್ಲಿನ ಜನರಿಗೇ ದಾನವಾಗಿ ಬಿಟ್ಟುಕೊಡಲು ಮುಂದಾದರು. ಸ್ಟೋರ್ನೊವೇ ಪಟ್ಟಣ ಮತ್ತು ಅದರ ಸುತ್ತಲಿನ ಭಾಗ ಒಪ್ಪಿಕೊಂಡಿತು. ಆ ನೆಲವನ್ನು ನೋಡಿಕೊಳ್ಳಲು ಅಂದು ರಚಿತವಾದ ಟ್ರಸ್ಟ್ ಇಂದಿಗೂ ಇದೆ. ದ್ವೀಪದ ಉಳಿದ ಭಾಗ ಬಹುಮಟ್ಟಿಗೆ ಆ ದಾನವನ್ನು ಕೈಗೆತ್ತಿಕೊಳ್ಳಲಿಲ್ಲ.

ಕತ್ತರಿಸಿದ ಚಿತ್ರ, ಕಳೆದುಹೋದ ಕೋಟಿಗಳು

1920 ಅವರ ಆತ್ಮವಿಶ್ವಾಸಕ್ಕೆ ಪೆಟ್ಟು ಕೊಟ್ಟ ವರ್ಷ. ಆಫ್ರಿಕಾದ ವ್ಯಾಪಾರದ ಮೇಲೆ ಹಿಡಿತ ಸಾಧಿಸಲು ನೈಜರ್ ಕಂಪನಿಯನ್ನು 80 ಲಕ್ಷ ಪೌಂಡಿಗೂ ಮಿಗಿಲಾದ ಬೆಲೆಗೆ, ಲೆಕ್ಕಪತ್ರ ಸರಿಯಾಗಿ ನೋಡದೆ ಕೊಂಡರು. ಆ ಕಂಪನಿಯ ತಲೆಯ ಮೇಲೆ ಭಾರಿ ಸಾಲವಿದ್ದದ್ದು ಆಮೇಲೆ ಬೆಳಕಿಗೆ ಬಂತು. ಅಷ್ಟರಲ್ಲಿ ಎಣ್ಣೆಕಾಳುಗಳ ಬೆಲೆಯೂ ಕುಸಿಯಿತು. ಬ್ಯಾಂಕುಗಳು ಕೈಹಿಡಿಯಲು ಹಿಂಜರಿದಾಗ ಡಾರ್ಸಿ ಕೂಪರ್ ಎಂಬ ಲೆಕ್ಕಪರಿಶೋಧಕರು ಸಂಸ್ಥೆಯನ್ನು ಪಾರುಮಾಡಿದರು. ದಿನಸಿ ಅಂಗಡಿಯ ಲೆಕ್ಕದಿಂದ ಬೆಳೆದವರು ಜೀವನದ ಅತಿ ದೊಡ್ಡ ಖರೀದಿಯಲ್ಲಿ ಲೆಕ್ಕ ತಪ್ಪಿದ್ದರು.

ಅದೇ ವರ್ಷ ನಡೆದ ಇನ್ನೊಂದು ಪ್ರಸಂಗ ನಗೆಗೀಡಾಯಿತು. ಖ್ಯಾತ ಕಲಾವಿದ ಅಗಸ್ಟಸ್ ಜಾನ್ ಬರೆದ ತಮ್ಮ ಭಾವಚಿತ್ರ ಲೀವರ್ ಅವರಿಗೆ ಹಿಡಿಸಲಿಲ್ಲ. ಅದನ್ನು ಕಣ್ಣಿಗೆ ಬೀಳದಂತೆ ತಿಜೋರಿಯಲ್ಲಿಡಲು ಹೊರಟರು. ಹಿಡಿಸದಿದ್ದಾಗ ಮುಖದ ಭಾಗವನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡರು. ಉಳಿದ ಭಾಗವನ್ನು ಮನೆಯ ಸಿಬ್ಬಂದಿ ತಪ್ಪು ತಿಳಿದು ಕಲಾವಿದರಿಗೇ ಹಿಂದಿರುಗಿಸಿದರು. ಕಲಾವಲಯದಲ್ಲಿ ದೊಡ್ಡ ಗದ್ದಲವೆದ್ದಿತು. ದುಡ್ಡು ಕೊಟ್ಟು ಕೊಂಡದ್ದು ತಮ್ಮದು, ಅದನ್ನು ಏನು ಬೇಕಾದರೂ ಮಾಡಬಹುದು ಎಂಬ ಅವರ ಧೋರಣೆಯನ್ನು ಕಲಾಲೋಕ ಒಪ್ಪಲಿಲ್ಲ. ಎರಡೂ ತುಂಡುಗಳನ್ನು 1954ರಲ್ಲಿ ಸೇರಿಸಿ ಹೊಲಿಯಲಾಯಿತು. ಮುಖದ ಸುತ್ತಲಿನ ಆ ಗೆರೆ ಇಂದಿಗೂ ಕಾಣುತ್ತದೆ.

ವೈಯಕ್ತಿಕ ಜೀವನದಲ್ಲಿ ಅವರು ಶಿಸ್ತಿನ ಮನುಷ್ಯ. ಬೆಳಗಿನ ಜಾವಕ್ಕೇ ಎದ್ದು ವ್ಯಾಯಾಮ, ತಣ್ಣೀರು ಸ್ನಾನ. ಮಳೆಯಿರಲಿ, ಹಿಮವಿರಲಿ, ಮಾಡಿಲ್ಲದ ಕೋಣೆಯಲ್ಲಿ ಮಲಗುತ್ತಿದ್ದರು. ಕಿವಿ ಮಂದವಾಗಿತ್ತು. ಯಂತ್ರಗಳು ಬೆಳೆದಂತೆ ದಿನಕ್ಕೆ ಆರು ಗಂಟೆ ದುಡಿದರೆ ಸಾಕಾಗಬೇಕೆಂದು 1918ರಲ್ಲೇ ಪುಸ್ತಕ ಪ್ರಕಟಿಸಿದ್ದರು. 73ನೆಯ ವಯಸ್ಸಿನಲ್ಲಿ ಕಾಂಗೋ ಪ್ರವಾಸ ಮುಗಿಸಿ ಬಂದ ಕೆಲವೇ ವಾರಗಳಲ್ಲಿ ನ್ಯುಮೋನಿಯಾ ತಗುಲಿ, 1925ರ ಮೇ 7ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್ ನಿವಾಸದಲ್ಲಿ ಕಣ್ಣುಮುಚ್ಚಿದರು. ಪೋರ್ಟ್ ಸನ್‌ಲೈಟ್ ಊರಿನ ಚರ್ಚಿನಲ್ಲಿ ಪತ್ನಿಯ ಪಕ್ಕದಲ್ಲಿ ಅವರ ಸಮಾಧಿಯಿದೆ.

ಉಳಿದದ್ದು ಹೆಸರು

1929ರ ಸೆಪ್ಟೆಂಬರಿನಲ್ಲಿ ಲೀವರ್ ಬ್ರದರ್ಸ್ ಸಂಸ್ಥೆಯು ಮಾರ್ಗರಿನ್ ತಯಾರಿಸುತ್ತಿದ್ದ ಡಚ್ ಸಂಸ್ಥೆ ಮಾರ್ಗರಿನ್ ಯೂನಿಯೊಂದಿಗೆ ಒಂದಾಗಲು ಒಪ್ಪಂದ ಮಾಡಿಕೊಂಡಿತು. ಎರಡೂ ಹೆಸರುಗಳು ಬೆಸೆದು ಯೂನಿಲೀವರ್ ಆಯಿತು.

ಭಾರತಕ್ಕೆ ಈ ಹೆಸರು ಬಂದದ್ದು ಅದಕ್ಕೂ ಬಹಳ ಮೊದಲು. 1888ರಲ್ಲೇ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲ್ಕತ್ತಾ ಬಂದರಿನಲ್ಲಿ ಇಳಿದಿದ್ದವು. 1895ರಲ್ಲಿ ಲೈಫ್‌ಬಾಯ್ ಬಂತು. 1933ರಲ್ಲಿ ಲೀವರ್ ಬ್ರದರ್ಸ್ ಇಂಡಿಯಾ ಸ್ಥಾಪನೆಯಾಯಿತು. 1956ರಲ್ಲಿ ಅದು ಹಿಂದೂಸ್ತಾನ್ ಲೀವರ್, 2007ರಲ್ಲಿ ಹಿಂದೂಸ್ತಾನ್ ಯೂನಿಲೀವರ್ ಆಯಿತು. ಯೂನಿಲೀವರ್ ಸಮೂಹದ ಸಂಶೋಧನಾ ಕೇಂದ್ರವೊಂದು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿದೆ. ಇಂಗ್ಲೆಂಡಿನ ಸಾಬೂನು ಒಂದು ಮನೆತನದ ಹೆಸರು ಹೊತ್ತು ಬಂದರೆ, ಅದೇ ಕಾಲಘಟ್ಟದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಗಂಧದೆಣ್ಣೆಯಿಂದ ಹುಟ್ಟಿದ ಸಾಬೂನು ಮೈಸೂರು ಎಂಬ ನಾಡಿನ ಹೆಸರು ಹೊತ್ತಿತು.

ಲೀವರ್ ಸಂಪತ್ತಿನಿಂದ ಹುಟ್ಟಿದ ಲೀವರ್‌ಹ್ಯೂಮ್ ಟ್ರಸ್ಟ್ ಇಂದಿಗೂ ಸಂಶೋಧಕರಿಗೆ ನೆರವು ನೀಡುತ್ತಿದೆ. ಪೋರ್ಟ್ ಸನ್‌ಲೈಟ್ ಊರಿನ ನೂರಾರು ಕಟ್ಟಡಗಳು ಸಂರಕ್ಷಿತ ಸ್ಮಾರಕಗಳಾಗಿವೆ. ಲೀವರ್‌ಬರ್ಗ್ ಹಳ್ಳಿ ಸಣ್ಣದಾಗಿಯೇ ಉಳಿದರೂ ತನ್ನ ಹೆಸರನ್ನು ಇಟ್ಟುಕೊಂಡಿದೆ. ಕಾಂಗೋ ಸ್ವತಂತ್ರವಾದ ಮೇಲೆ ಲೀವರ್‌ವಿಲ್ ಮತ್ತೆ ತನ್ನ ಹಳೆಯ ಹೆಸರಿಗೆ ಮರಳಿ ಲುಸಾಂಗ ಆಯಿತು. 2009ರಲ್ಲಿ ಯೂನಿಲೀವರ್ ಕಾಂಗೋದ ತನ್ನ ತಾಳೆತೋಟಗಳನ್ನು ಮಾರಿಬಿಟ್ಟಿತು. ಮೊಮ್ಮಗನಾದ ಮೂರನೆಯ ವೈಕೌಂಟ್ ಲೀವರ್‌ಹ್ಯೂಮ್ 2000ದಲ್ಲಿ ತೀರಿಕೊಂಡಾಗ ಅವರಿಗೆ ಗಂಡುಮಕ್ಕಳಿರಲಿಲ್ಲ. ಪತಿ ಪತ್ನಿಯರ ಹೆಸರನ್ನು ಕೂಡಿಸಿ ಕಟ್ಟಿದ್ದ ಆ ಪದವಿ ಅಲ್ಲಿಗೇ ನಿಂತುಹೋಯಿತು.

ಹೀಗೆ ಮನೆತನದ ಪದವಿ ಅಳಿದು, ಪೊಟ್ಟಣದ ಮೇಲಿನ ಹೆಸರು ಉಳಿಯಿತು. ಸಾಬೂನು ಎಲ್ಲರ ಕೊಳೆಯನ್ನೂ ತೊಳೆಯುತ್ತದೆ. ತನ್ನನ್ನು ತಯಾರಿಸಿದವರ ಲೆಕ್ಕವನ್ನು ಮಾತ್ರ ಅದು ತೊಳೆಯಲಾರದು. ಮರ್ಸಿ ದಡದ ಹೂದೋಟಗಳನ್ನು ನೆನೆಯುವವರು ಕ್ವಿಲು ದಡದ ತಾಳೆಮರಗಳನ್ನೂ ನೆನೆದಾಗಲೇ ವಿಲಿಯಂ ಲೀವರ್ ಅವರ ಜೀವನಚಿತ್ರ ಪೂರ್ಣವಾಗುತ್ತದೆ. ಅವರ ಭಾವಚಿತ್ರದಂತೆ ಅದನ್ನೂ ಎರಡು ತುಂಡುಗಳನ್ನು ಸೇರಿಸಿಯೇ ನೋಡಬೇಕು.